ಸಾಲ ವರದಿಯಲ್ಲಿ ತಪ್ಪಾಗಿ ದಾಖಲಾದ ಸುಸ್ತಿ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಗೃಹಸಾಲಕ್ಕೋ ಮಗಳ ಶಿಕ್ಷಣ ಸಾಲಕ್ಕೋ ಅರ್ಜಿ ಹಾಕಿದಾಗ, ‘ನಿಮ್ಮ ಸಿಬಿಲ್ ಸರಿಯಿಲ್ಲ’ ಎಂಬ ಒಂದೇ ಮಾತಿನಲ್ಲಿ ಬ್ಯಾಂಕಿನವರು ಕಡತ ಮುಚ್ಚಿಬಿಡುತ್ತಾರೆ. ಯಾವ ಸಾಲ, ಯಾವ ತಿಂಗಳು, ಎಷ್ಟು ಬಾಕಿ ಎಂಬುದು ಅರ್ಜಿದಾರರಿಗೆ ತಿಳಿಯುವುದೇ ಇಲ್ಲ. ಕಂತುಗಳನ್ನು ಸರಿಯಾಗಿ ಕಟ್ಟಿಕೊಂಡು ಬಂದವರಿಗೆ ಇದು ಆರ್ಥಿಕ ತೊಂದರೆಯಷ್ಟೇ ಅಲ್ಲ, ಮರ್ಯಾದೆಯ ಪ್ರಶ್ನೆಯೂ ಹೌದು. ಇಂಥ ಹೆಚ್ಚಿನ ದೋಷಗಳನ್ನು ಖರ್ಚಿಲ್ಲದೆ, ಮಧ್ಯವರ್ತಿಯ ನೆರವಿಲ್ಲದೆ ಸರಿಪಡಿಸಿಕೊಳ್ಳಬಹುದು. ಅದಕ್ಕೆ ದೋಷ ಎಲ್ಲಿದೆ ಎಂಬುದು ಮೊದಲು ಗೊತ್ತಾಗಬೇಕು.

ಭಾರತದಲ್ಲಿ ಸಾಲ ಮಾಹಿತಿ ಸಂಸ್ಥೆಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ಜನರ ಬಾಯಲ್ಲಿ ಎಲ್ಲವೂ ‘ಸಿಬಿಲ್’ ಆಗಿದ್ದರೂ ಒಂದರ ದಾಖಲೆ ಇನ್ನೊಂದರಲ್ಲಿ ಇರಲೇಬೇಕೆಂದಿಲ್ಲ. ಈ ಸಂಸ್ಥೆಗಳು ಬ್ಯಾಂಕುಗಳು ಮತ್ತು ಹಣಕಾಸು ಕಂಪನಿಗಳು ಕಳಿಸಿದ ಮಾಹಿತಿಯನ್ನು ದಾಖಲಿಸುತ್ತವೆಯೇ ಹೊರತು ತಾವಾಗಿ ಯಾರನ್ನೂ ಸುಸ್ತಿದಾರರೆಂದು ಬರೆಯುವುದಿಲ್ಲ. 2005ರ ಸಾಲ ಮಾಹಿತಿ ಕಂಪನಿಗಳ ನಿಯಂತ್ರಣ ಕಾಯ್ದೆಯ ಪ್ರಕಾರ, ಮಾಹಿತಿ ಕೊಟ್ಟ ಬ್ಯಾಂಕು ದೃಢೀಕರಿಸದೆ ಅವು ತಿದ್ದುಪಡಿ ಮಾಡುವಂತೆಯೂ ಇಲ್ಲ. ಆದ್ದರಿಂದ ತಪ್ಪು ಮೂಲದಲ್ಲಿ, ಅಂದರೆ ಸಾಲ ಕೊಟ್ಟವರ ಪುಸ್ತಕದಲ್ಲಿ, ಸರಿಯಾಗದ ಹೊರತು ವರದಿಯಲ್ಲಿ ಸರಿಯಾಗದು. ಸರಿಯಾದಂತೆ ಕಂಡರೂ ಮುಂದಿನ ಹದಿನೈದು ದಿನಗಳ ಮಾಹಿತಿ ಬಂದಾಗ ಹಳೆಯ ತಪ್ಪು ಮತ್ತೆ ಬಂದು ಕೂರುತ್ತದೆ.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು. ದೋಷ ಯಾವುದೆಂದು ಗುರುತಿಸುವ ತನಕ ಯಾರಿಗೂ ಒಂದು ರೂಪಾಯಿಯನ್ನೂ ಕಟ್ಟಬೇಡಿ, ಯಾವ ‘ಸೆಟಲ್‌ಮೆಂಟ್’ ಕಾಗದಕ್ಕೂ ಸಹಿ ಹಾಕಬೇಡಿ. ಇದರ ಕಾರಣ ಮುಂದೆ ಬರುತ್ತದೆ.

ಲಕ್ಷಣ: ಅರ್ಜಿ ತಿರಸ್ಕೃತವಾಗಿದೆ, ಆದರೆ ಯಾವ ಸಾಲದಿಂದ ಎಂದು ಗೊತ್ತಿಲ್ಲ

ಅರ್ಜಿ ತಿರಸ್ಕರಿಸಿದ ಬ್ಯಾಂಕು ಯಾವ ಸಂಸ್ಥೆಯ ವರದಿಯನ್ನು ನೋಡಿತು ಎಂದು ಕೇಳಿ, ಅದರ ಪ್ರತಿಯನ್ನೂ ಕೋರಿ. ತಾನು ತರಿಸಿಕೊಂಡ ಸಾಲ ಮಾಹಿತಿಯ ಪ್ರತಿಯನ್ನು ಅರ್ಜಿದಾರರು ಕೇಳಿದಾಗ ಬ್ಯಾಂಕು ಕೊಡಬೇಕೆಂದು ಅದೇ 2005ರ ಕಾಯ್ದೆಯ 21ನೇ ಕಲಮು ಹೇಳುತ್ತದೆ. ಬಾಯಿಮಾತಿಗಿಂತ ಒಂದು ಇಮೇಲ್ ಕಳಿಸುವುದು ಒಳ್ಳೆಯದು.

ನಂತರ ನಾಲ್ಕೂ ಸಂಸ್ಥೆಗಳ ಅಧಿಕೃತ ಜಾಲತಾಣಗಳಿಂದ ನಿಮ್ಮ ಪೂರ್ಣ ವರದಿಯನ್ನು ಇಳಿಸಿಕೊಳ್ಳಿ. ರಿಸರ್ವ್ ಬ್ಯಾಂಕಿನ ಆದೇಶದಂತೆ ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಮ್ಮೆ ಅಂಕ (ಕ್ರೆಡಿಟ್ ಸ್ಕೋರ್) ಸಹಿತ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಮ್ಮ ವರದಿಯನ್ನು ನಾವೇ ನೋಡಿಕೊಂಡರೆ ಅಂಕ ಇಳಿಯುತ್ತದೆ ಎಂಬುದು ತಪ್ಪು ನಂಬಿಕೆ. ಹತ್ತಾರು ಕಡೆ ಸಾಲಕ್ಕೆ ಅರ್ಜಿ ಹಾಕಿದಾಗ ಆ ಬ್ಯಾಂಕುಗಳು ಮಾಡುವ ವಿಚಾರಣೆಗಳು ಅಂಕಕ್ಕೆ ಹೊಡೆತ ಕೊಡುತ್ತವೆ. ಹಾಗಾಗಿ ಒಂದು ಕಡೆ ತಿರಸ್ಕೃತವಾದ ಕೂಡಲೇ ಇನ್ನೊಂದು ಕಡೆ ಅರ್ಜಿ ಹಾಕುತ್ತಾ ಹೋಗುವುದನ್ನು ನಿಲ್ಲಿಸಿ.

ವರದಿ ಕೈಗೆ ಬಂದಾಗ 300ರಿಂದ 900ರ ನಡುವಿನ ಆ ಅಂಕವನ್ನೇ ನೋಡುತ್ತಾ ಕೂರಬಾರದು. ಅಂಕ ಕೇವಲ ಫಲಿತಾಂಶ. ಕೆಳಗಿನ ಖಾತೆಗಳ ಪಟ್ಟಿಯಲ್ಲಿ ಯಾವ ಸಾಲಿನಿಂದ ಅದು ಕುಸಿದಿದೆ ಎಂದು ಹುಡುಕಬೇಕು. ಪ್ರತಿ ಖಾತೆಯ ಕೆಳಗೆ ಸುಮಾರು 36 ತಿಂಗಳ ಚೌಕಗಳಿರುತ್ತವೆ. ಚೌಕದಲ್ಲಿ 000 ಎಂದಿದ್ದರೆ ಆ ತಿಂಗಳು ಬಾಕಿಯಿಲ್ಲ. 030, 064, 091 ಮುಂತಾದ ಅಂಕಿಗಳು ಕಂತು ಎಷ್ಟು ದಿನ ತಡವಾಗಿದೆ ಎಂಬುದನ್ನು ತೋರಿಸುತ್ತವೆ. ‘ಎಕ್ಸ್‌ಎಕ್ಸ್‌ಎಕ್ಸ್’ ಎಂದರೆ ಆ ತಿಂಗಳ ಮಾಹಿತಿಯನ್ನು ಬ್ಯಾಂಕು ಕಳಿಸಿಲ್ಲ ಎಂದಷ್ಟೇ ಅರ್ಥ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಅಂಕಿಯ ಬದಲು ‘ಎಸ್‌ಟಿಡಿ’ ಇದ್ದರೆ ಖಾತೆ ಆರೋಗ್ಯವಾಗಿದೆ. ‘ಎಸ್‌ಎಂಎ’ ಎಂದರೆ ಸುಸ್ತಿಯತ್ತ ಜಾರುತ್ತಿದೆ. ‘ಎಸ್‌ಯುಬಿ’, ‘ಡಿಬಿಟಿ’, ‘ಎಲ್‌ಎಸ್‌ಎಸ್’ ಎಂಬವು 90 ದಿನ ದಾಟಿ ಅನುತ್ಪಾದಕವಾದ ಸಾಲದ, ಕ್ರಮೇಣ ಕೆಡುತ್ತಾ ಹೋಗುವ ದರ್ಜೆಗಳು.

ತೊಂದರೆ ಕೊಡುತ್ತಿರುವ ಚೌಕಗಳನ್ನು ಪೆನ್ನಿನಿಂದ ಗುರುತು ಮಾಡಿ, ಖಾತೆ ಸಂಖ್ಯೆ, ತಿಂಗಳು, ನಮೂದಾದ ಬಾಕಿ ಮೊತ್ತ ಮತ್ತು ಮಾಹಿತಿ ಕಳಿಸಿದ ದಿನಾಂಕಗಳನ್ನು ಒಂದು ಹಾಳೆಗೆ ಇಳಿಸಿಕೊಳ್ಳಿ. ಮುಂದಿನ ಎಲ್ಲ ಪತ್ರವ್ಯವಹಾರಕ್ಕೂ ಈ ಹಾಳೆಯೇ ಆಧಾರ.

ಲಕ್ಷಣ: ಸಾಲ ನನ್ನದೇ, ಕಂತೂ ಕಟ್ಟಿದ್ದೇನೆ, ಆದರೂ ತಡವಾದ ದಿನಗಳು ಕಾಣುತ್ತಿವೆ

ಪಾಸ್‌ಬುಕ್ ಅಥವಾ ಸ್ಟೇಟ್‌ಮೆಂಟ್ ತೆಗೆದು, ಆ ತಿಂಗಳು ಹಣ ನಿಮ್ಮ ಖಾತೆಯಿಂದ ಹೋದ ದಿನಾಂಕವನ್ನೂ ಅದು ಸಾಲದ ಖಾತೆಗೆ ಜಮೆಯಾದ ದಿನಾಂಕವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಸಾಲದ ಖಾತೆಯ ಲೆಕ್ಕಪಟ್ಟಿಯನ್ನು ಬ್ಯಾಂಕಿನಿಂದ ಪಡೆದುಕೊಳ್ಳಬೇಕು. ಕೆಲಸ ಬದಲಾಯಿಸಿದಾಗ ಸಂಬಳದ ಖಾತೆಯೂ ಬದಲಾಗಿ, ಹಳೆಯ ಖಾತೆಗೆ ಜೋಡಿಸಿದ ಇಎಂಐ ಆದೇಶ ಹಣವಿಲ್ಲದೆ ಹಿಂದಿರುಗಿರುವುದು ಸಾಮಾನ್ಯ ಕಾರಣ. ಹಾಗಿದ್ದರೆ ದಾಖಲೆ ನಿಜವೇ ಆಗಿರುತ್ತದೆ, ಅದನ್ನು ಅಳಿಸಲಾಗದು. ಬಾಕಿ ಕಟ್ಟಿ, ಮುಂದಿನ ತಿಂಗಳುಗಳನ್ನು ಶುದ್ಧವಾಗಿ ಇಟ್ಟುಕೊಳ್ಳುವುದೊಂದೇ ದಾರಿ. ಹಣ ಹೋಗಿದ್ದೂ ಸಾಲದ ಖಾತೆಗೆ ತಡವಾಗಿ ಜಮೆಯಾಗಿದ್ದರೆ, ಅಥವಾ ಬೇರೊಂದು ಖಾತೆಗೆ ಜಮೆಯಾಗಿದ್ದರೆ, ಆ ವಹಿವಾಟನ್ನು ಗುರುತಿಸಲು ಬ್ಯಾಂಕು ಕೊಡುವ ಯುಟಿಆರ್ ಸಂಖ್ಯೆಯೇ ನಿಮ್ಮ ಸಾಕ್ಷಿ.

ಕೋವಿಡ್ ಕಾಲದ ಸಾಲಗಳಲ್ಲಿ ಇನ್ನೊಂದು ವಿಶೇಷವಿದೆ. 2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ರಿಸರ್ವ್ ಬ್ಯಾಂಕು ಅನುಮತಿಸಿದ್ದ ಕಂತು ಮುಂದೂಡಿಕೆಯನ್ನು ಪಡೆದಿದ್ದವರ ಆ ತಿಂಗಳುಗಳನ್ನು ಸುಸ್ತಿಯೆಂದು ವರದಿ ಮಾಡುವಂತಿರಲಿಲ್ಲ. ಅದಾಗಿ ಸ್ವಲ್ಪ ಕಾಲಕ್ಕೇ ಮುಗಿದ ಸಾಲಗಳ ವಿವರದಲ್ಲಿ ಆ ಚೌಕಗಳು ಈಗಲೂ ಕಾಣಸಿಗಬಹುದು. ಅಲ್ಲಿ ಅಂಕಿ ಏರಿದ್ದರೆ, ಮುಂದೂಡಿಕೆಗೆ ಒಪ್ಪಿಗೆ ಸಿಕ್ಕಿದ ಸಂದೇಶದೊಂದಿಗೆ ತಕರಾರು ಹಾಕಿ.

ಲಕ್ಷಣ: ತೀರಿಸಿದ ಸಾಲ ಇನ್ನೂ ಚಾಲ್ತಿಯಲ್ಲಿದೆ, ಅಥವಾ ಗೊತ್ತಿಲ್ಲದ ಬ್ಯಾಂಕಿನ ಹೆಸರಿದೆ

‘ಆ ಬ್ಯಾಂಕಿನ ಮೆಟ್ಟಿಲನ್ನೇ ಹತ್ತಿಲ್ಲ’ ಎನ್ನುವ ಮುನ್ನ ಕರ್ನಾಟಕದವರು ಒಂದು ಕ್ಷಣ ಹಿಂದಿನದನ್ನು ನೆನಪಿಸಿಕೊಳ್ಳಬೇಕು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ, ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದವು. 2020ರ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ಸೇರಿಹೋದವು. ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಿಂದ ಬಳ್ಳಾರಿಯಲ್ಲಿ ಪ್ರಧಾನ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕಾಗಿ ಒಂದಾದವು. ಹಳೆಯ ಬ್ಯಾಂಕಿನಲ್ಲಿ ತೆಗೆದ ಟ್ರ್ಯಾಕ್ಟರ್ ಸಾಲವೋ ಚಿನ್ನದ ಸಾಲವೋ ಹೊಸ ಬ್ಯಾಂಕಿನ ಹೆಸರಿನಲ್ಲಿ, ಹೊಸ ಖಾತೆ ಸಂಖ್ಯೆಯೊಂದಿಗೆ ಕಾಣಿಸಿಕೊಂಡಿರಬಹುದು.

ಇಂಥ ಸಂದರ್ಭದಲ್ಲಿ ಈಗಿನ ಬ್ಯಾಂಕಿಗೇ ಹೋಗಬೇಕು. ಹಳೆಯ ಬ್ಯಾಂಕಿನ ಸಾಲದ ದಾಖಲೆಗೆ ಅದೇ ಜವಾಬ್ದಾರಿ. ಸಾಲ ಮುಗಿಸಿದಾಗ ಪಡೆದ ಬೇಬಾಕಿ ಪತ್ರವಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಅದು ಕಳೆದುಹೋಗಿದ್ದರೆ ಕೊನೆಯ ಕಂತಿನ ರಸೀದಿ, ಹಿಂದಿರುಗಿಸಿದ ಅಡಮಾನ ಪತ್ರ, ವಾಹನದ ಆರ್‌ಸಿಯಲ್ಲಿ ಹೈಪೊಥಿಕೇಶನ್ ತೆಗೆದ ನಮೂದು, ಜಮೀನಿನ ಪಹಣಿಯಲ್ಲಿ ಋಣಭಾರ ತೆರವಾದ ವಿವರ, ಇವೂ ಸಾಕ್ಷಿಯಾಗುತ್ತವೆ. ಬೆಳೆ ಸಾಲ ಮನ್ನಾ ಆಗಿದ್ದವರು ಮನ್ನಾ ಮೊತ್ತ ಖಾತೆಗೆ ಜಮೆಯಾದ ನಮೂದನ್ನೂ, ಅದರ ನಂತರ ಬಡ್ಡಿಯ ಚಿಲ್ಲರೆ ಬಾಕಿ ಉಳಿದಿತ್ತೇ ಎಂಬುದನ್ನೂ ಲೆಕ್ಕಪಟ್ಟಿಯಲ್ಲಿ ನೋಡಬೇಕು.

ಒಂದೇ ಸಾಲ ಎರಡು ಹೆಸರಿನಲ್ಲಿ, ಎರಡೂ ಕಡೆ ಬಾಕಿಯೊಂದಿಗೆ ಕಂಡರೆ ಬ್ಯಾಂಕು ಅದನ್ನು ಆಸ್ತಿ ಪುನರ್ರಚನಾ ಕಂಪನಿಗೆ (ಕೆಟ್ಟ ಸಾಲಗಳನ್ನು ಕೊಂಡು ವಸೂಲಿ ಮಾಡುವ ಸಂಸ್ಥೆ) ಮಾರಿರುವ ಸಾಧ್ಯತೆಯಿದೆ. ಆಗ ಮೂಲ ಬ್ಯಾಂಕಿನ ಸಾಲಿನಲ್ಲಿ ಬಾಕಿ ಸೊನ್ನೆಯಾಗಬೇಕು. ತಕರಾರು ಅಷ್ಟಕ್ಕೆ ಸೀಮಿತವಾಗಿರಲಿ.

ಲಕ್ಷಣ: ಬಳಸದ ಅಥವಾ ಮುಚ್ಚಿದ ಕ್ರೆಡಿಟ್ ಕಾರ್ಡಿನ ಶುಲ್ಕ ಸುಸ್ತಿಯಾಗಿದೆ

ಈ ದೋಷ ನೋಡಲು ಚಿಕ್ಕದು, ಆದರೆ ಇದರಿಂದ ಆಗುವ ನಷ್ಟ ದೊಡ್ಡದು. ಲೆಕ್ಕವನ್ನೇ ನೋಡಿ. ವಾರ್ಷಿಕ ಶುಲ್ಕ 500 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 590. ‘ಜೀವನಪೂರ್ತಿ ಉಚಿತ’ ಎಂದು ಮಾರಿದ ಕಾರ್ಡಾದ್ದರಿಂದ ಗ್ರಾಹಕರು ಅದನ್ನು ಕಟ್ಟುವುದಿಲ್ಲ. ಸ್ಟೇಟ್‌ಮೆಂಟು ಹಳೆಯ ಇಮೇಲ್‌ಗೆ ಹೋಗುತ್ತಿರುತ್ತದೆ. ತಿಂಗಳು ತಿಂಗಳೂ ವಿಳಂಬ ಶುಲ್ಕ, ಬಡ್ಡಿ, ಅವುಗಳ ಮೇಲೆ ಮತ್ತೆ ಜಿಎಸ್‌ಟಿ ಸೇರುತ್ತಾ ಹೋಗುತ್ತವೆ. ವರದಿಯ ಚೌಕಗಳು 030, 060, 090 ಎಂದು ಏರಿ, ನಾಲ್ಕನೆಯ ತಿಂಗಳಿಗೆ ಖಾತೆ ಅನುತ್ಪಾದಕವಾಗಿಬಿಡುತ್ತದೆ. ಬಾಕಿ ಕೆಲವು ನೂರೋ ಸಾವಿರವೋ ಇರಬಹುದು, ಗುರುತು ಮಾತ್ರ ಲಕ್ಷಾಂತರ ರೂಪಾಯಿ ಕಟ್ಟದವರಿಗೆ ಬೀಳುವಂಥದ್ದೇ. ಊರು ಬಿಟ್ಟು ಕೊಲ್ಲಿ ರಾಷ್ಟ್ರಗಳಿಗೋ ಅಮೆರಿಕಕ್ಕೋ ಹೋದ ಕನ್ನಡಿಗರಿಗೆ, ಭಾರತದ ಮೊಬೈಲ್ ಸಂಖ್ಯೆಯೇ ನಿಂತುಹೋಗಿರುವುದರಿಂದ, ಈ ಸಂಗತಿ ವರ್ಷಗಟ್ಟಲೆ ತಿಳಿಯದಿರುವುದೂ ಉಂಟು.

ಇಲ್ಲಿ ನಿಯಮಗಳು ಗ್ರಾಹಕರ ಪರವಾಗಿ ಸಾಕಷ್ಟು ಗಟ್ಟಿಯಾಗಿವೆ. ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ಕ್ರೆಡಿಟ್ ಕಾರ್ಡ್ ನಿರ್ದೇಶನಗಳ ಪ್ರಕಾರ, ಸುಸ್ತಿಯೆಂದು ವರದಿ ಮಾಡುವ ಮುನ್ನ ಕಾರ್ಡ್ ಕೊಟ್ಟ ಸಂಸ್ಥೆ ಗ್ರಾಹಕರಿಗೆ 7 ದಿನಗಳ ಸೂಚನೆ ಕೊಡಬೇಕು. ಶುಲ್ಕದ ಬಗ್ಗೆ ವಿವಾದವಿದ್ದರೆ ಅದು ಇತ್ಯರ್ಥವಾದ ನಂತರವೇ ಸುಸ್ತಿಯ ಮಾಹಿತಿಯನ್ನು ಹಂಚಬೇಕು. ಚಾಲನೆಗೊಳಿಸದ ಹೊಸ ಕಾರ್ಡಿನ ಮಾಹಿತಿಯನ್ನು ಸಾಲ ಮಾಹಿತಿ ಸಂಸ್ಥೆಗಳಿಗೆ ಕಳಿಸುವಂತಿಲ್ಲ. ಬಾಕಿಯಿಲ್ಲದ ಕಾರ್ಡನ್ನು ಮುಚ್ಚಲು ಕೋರಿದರೆ 7 ಕೆಲಸದ ದಿನಗಳೊಳಗೆ ಮುಚ್ಚಬೇಕು, ತಪ್ಪಿದರೆ ದಿನಕ್ಕೆ 500 ರೂಪಾಯಿ ದಂಡ ತೆರಬೇಕು.

ಹೀಗಾಗಿ ನೀವು ಹುಡುಕಬೇಕಾದ ದಾಖಲೆ ಒಂದೇ: ಶುಲ್ಕವನ್ನು ಪ್ರಶ್ನಿಸಿ ಅಥವಾ ಕಾರ್ಡ್ ಮುಚ್ಚಲು ಕೋರಿ ನೀವು ಮೊದಲು ಬರೆದ ಇಮೇಲ್, ಇಲ್ಲವೇ ಗ್ರಾಹಕ ಸೇವೆಯವರು ಕೊಟ್ಟ ದೂರು ಸಂಖ್ಯೆ. ಸುಸ್ತಿ ವರದಿಯಾದ ದಿನಕ್ಕಿಂತ ಅದು ಹಿಂದಿನದಾಗಿದ್ದರೆ ನಿಮ್ಮ ವಾದ ಬಹಳ ಬಲವಾಗುತ್ತದೆ. 7 ದಿನಗಳ ಸೂಚನೆಯನ್ನು ಯಾವ ದಿನ, ಯಾವ ವಿಳಾಸಕ್ಕೆ ಕಳಿಸಿದಿರಿ ಎಂದೂ ಕೇಳಿ.

ಲಕ್ಷಣ: ‘ಸೆಟಲ್ಡ್’ ಅಥವಾ ‘ರಿಟನ್ ಆಫ್’ ಎಂದಿದೆ

ಏಕಕಾಲಿಕ ತೀರುವಳಿಯಲ್ಲಿ ಬಾಕಿಗಿಂತ ಕಡಿಮೆ ಕಟ್ಟಿದ್ದರೆ ‘ಸೆಟಲ್ಡ್’ ಎಂಬುದು ಸತ್ಯವಾದ ನಮೂದು. ಅದು ತಪ್ಪೆಂದು ದೂರು ಕೊಟ್ಟರೆ ಫಲವಿಲ್ಲ. ಉಳಿದ ಮೊತ್ತವನ್ನು ಕಟ್ಟಿದರೆ ‘ಕ್ಲೋಸ್ಡ್’ ಎಂದು ಬದಲಿಸುತ್ತೀರಾ ಎಂದು ಲಿಖಿತವಾಗಿ ಕೇಳಿ, ಲಿಖಿತ ಒಪ್ಪಿಗೆ ಬಂದ ನಂತರವೇ ಕಟ್ಟಬೇಕು. ಪೂರ್ತಿ ಕಟ್ಟಿಯೂ ‘ಸೆಟಲ್ಡ್’ ಎಂದಿದ್ದರೆ ಅದು ಸ್ಪಷ್ಟ ದೋಷ. ‘ರಿಟನ್ ಆಫ್’ ಎಂಬುದನ್ನು ಸಾಲ ಮನ್ನಾ ಎಂದು ಭಾವಿಸುವವರಿದ್ದಾರೆ. ಬ್ಯಾಂಕು ತನ್ನ ಲೆಕ್ಕಪುಸ್ತಕದಿಂದ ಅದನ್ನು ತೆಗೆದಿದೆ ಅಷ್ಟೇ, ವಸೂಲಿಯ ಹಕ್ಕು ಹಾಗೆಯೇ ಉಳಿದಿರುತ್ತದೆ.

ಲಕ್ಷಣ: ಈ ಸಾಲ ನನ್ನದಲ್ಲವೇ ಅಲ್ಲ

ಮೊದಲು ಖಾತೆಯ ‘ಮಾಲೀಕತ್ವ’ ಎಂಬ ಅಂಕಣ ನೋಡಿ. ‘ಗ್ಯಾರಂಟರ್’ ಎಂದಿದ್ದರೆ ನೀವು ಯಾರಿಗೋ ಜಾಮೀನು ಹಾಕಿದ್ದೀರಿ. ಭಾವನ ಅಂಗಡಿಗೋ ಸಹೋದ್ಯೋಗಿಯ ಮನೆಗೋ ಎಂದೋ ಹಾಕಿದ ಸಹಿ ಮರೆತುಹೋಗಿರಬಹುದು, ಆದರೆ ಕಾನೂನಿನ ಕಣ್ಣಿಗೆ ಆ ಹೊಣೆ ಸಾಲಗಾರನದಷ್ಟೇ ನಿಮ್ಮದೂ ಹೌದು. ಇದು ವರದಿಯ ದೋಷವಲ್ಲ. ಸಾಲಗಾರರೊಂದಿಗೆ ಕುಳಿತು ಮಾತಾಡಬೇಕಾದ ವಿಷಯ.

‘ಇಂಡಿವಿಜುವಲ್’ ಎಂದಿದ್ದು ಸಾಲ ನಿಮ್ಮದಲ್ಲದಿದ್ದರೆ ಎರಡು ಸಾಧ್ಯತೆಗಳಿವೆ. ಒಂದು, ಹೆಸರು ಕಲಸುಮೇಲೋಗರವಾಗಿರುವುದು. ನಮ್ಮಲ್ಲಿ ಮನೆತನದ ಹೆಸರಿಗಿಂತ ಇನಿಷಿಯಲ್ ಹೆಚ್ಚು ಬಳಕೆಯಲ್ಲಿದೆ. ಒಂದು ಕಡೆ ‘ಮಂಜುನಾಥ ಎಸ್’, ಪ್ಯಾನ್‌ನಲ್ಲಿ ತಂದೆಯ ಹೆಸರು ಬಿಡಿಸಿ ‘ಮಂಜುನಾಥ ಶಿವಣ್ಣ’, ಮತ್ತೊಂದೆಡೆ ‘ಎಸ್. ಮಂಜುನಾಥ’. ಇದರ ಜೊತೆಗೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆಸಿದ ಜೂನ್ 1ರ ಜನ್ಮದಿನಾಂಕ ಒಂದೇ ಊರಿನ ಅನೇಕರಿಗೆ ಇರುತ್ತದೆ. ಹೆಸರು, ಹುಟ್ಟಿದ ದಿನ, ಪಿನ್‌ಕೋಡ್ ಮೂರೂ ಹೊಂದಿದಾಗ ಒಬ್ಬರ ಸಾಲ ಇನ್ನೊಬ್ಬರ ವರದಿಗೆ ಸೇರಿಕೊಳ್ಳುವುದು ಅಸಹಜವೇನಲ್ಲ. ವರದಿಯ ಮೊದಲ ಪುಟದಲ್ಲಿ ನಿಮ್ಮದಲ್ಲದ ವಿಳಾಸ, ಫೋನ್ ಸಂಖ್ಯೆ ಅಥವಾ ವೋಟರ್ ಐಡಿ ಕಂಡರೆ ದೋಷ ಈ ಬಗೆಯದೇ ಎನ್ನಬಹುದು. ಆಗ ಪ್ಯಾನ್ ಮತ್ತು ಆಧಾರ್‌ನ ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಪ್ರತಿಯನ್ನು ಇಟ್ಟು, ‘ಈ ಖಾತೆ ನನಗೆ ಸೇರಿದ್ದಲ್ಲ’ ಎಂಬ ತಕರಾರನ್ನು ಆರಿಸಿಕೊಳ್ಳಿ.

ಎರಡು, ನಿಮ್ಮ ಪ್ಯಾನ್ ಬಳಸಿ ಬೇರೆಯವರು ಸಾಲ ಎತ್ತಿರುವುದು. ವಿಳಾಸವೆಲ್ಲ ನಿಮ್ಮದೇ ಆಗಿದ್ದು, ಸಣ್ಣ ಮೊತ್ತದ ಆ್ಯಪ್ ಸಾಲ ಅಥವಾ ಗೃಹೋಪಯೋಗಿ ವಸ್ತುವಿನ ಸಾಲ ಕಂಡರೆ ಈ ಶಂಕೆ ಬಲವಾಗುತ್ತದೆ. ಇಲ್ಲಿಂದ ಮುಂದೆ ಇದು ನೀವೊಬ್ಬರೇ ಬಗೆಹರಿಸುವ ವಿಷಯವಲ್ಲ. 1930 ಸಹಾಯವಾಣಿಗೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ, ಸ್ವೀಕೃತಿ ಪಡೆಯಿರಿ. ಸಾಲ ಕೊಟ್ಟ ಸಂಸ್ಥೆಯಿಂದ ಅರ್ಜಿ, ಸಾಲದ ಒಪ್ಪಂದ ಮತ್ತು ಹಣ ಯಾವ ಖಾತೆಗೆ ಹೋಯಿತು ಎಂಬ ವಿವರವನ್ನು ಕೇಳಿ. ಹಣ ನಿಮ್ಮ ಖಾತೆಗೆ ಬಂದೇ ಇಲ್ಲ ಎಂಬುದು ಈ ವಿವಾದದಲ್ಲಿ ಎಲ್ಲಕ್ಕಿಂತ ದೊಡ್ಡ ಪುರಾವೆ. ಕಿರುಕುಳ ತಾಳಲಾರದೆ ‘ಹೇಗೂ ಮೂರು ಸಾವಿರ ತಾನೇ’ ಎಂದು ಕಟ್ಟಿಬಿಟ್ಟರೆ, ಆ ಸಾಲ ನಿಮ್ಮದೇ ಎಂದು ಒಪ್ಪಿಕೊಂಡಂತೆ ಅವರು ವಾದಿಸಲು ಅವಕಾಶವಾಗುತ್ತದೆ.

ತಕರಾರು ಸಲ್ಲಿಸುವ ಕ್ರಮ

ಸಾಲ ಮಾಹಿತಿ ಸಂಸ್ಥೆಯ ಜಾಲತಾಣದಲ್ಲಿ, ವರದಿಯ ಮೇಲಿರುವ ಕಂಟ್ರೋಲ್ ನಂಬರ್ ನಮೂದಿಸಿ ತಕರಾರು ಹಾಕಿ; ಇದಕ್ಕೆ ಶುಲ್ಕವಿಲ್ಲ. ಅದೇ ದಿನ ಬ್ಯಾಂಕಿನ ಕುಂದುಕೊರತೆ ಅಧಿಕಾರಿಗೂ ಇಮೇಲ್ ಕಳಿಸಿ, ಸಾಧ್ಯವಿದ್ದರೆ ಶಾಖೆಗೆ ಕಾಗದ ಕೊಟ್ಟು ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳಿ. ‘ನನ್ನ ಅಂಕ ಕಡಿಮೆಯಿದೆ, ಸರಿಮಾಡಿ’ ಎಂದು ಬರೆಯಬೇಡಿ. ಅಂಕ ಲೆಕ್ಕ ಹಾಕುವ ವಿಧಾನದ ಬಗೆಗಿನ ದೂರುಗಳಿಗೆ ಪರಿಹಾರದ ನಿಯಮ ಅನ್ವಯಿಸುವುದಿಲ್ಲ. ಹೀಗೆ ಬರೆಯಬಹುದು:

‘ನನ್ನ ಸಾಲ ಖಾತೆಯಲ್ಲಿ ಮಾರ್ಚ್ ತಿಂಗಳಿಗೆ 030 ದಿನ ತಡವೆಂದು ವರದಿಯಾಗಿದೆ. ಆ ತಿಂಗಳ ಕಂತು 5ನೇ ತಾರೀಕು ನನ್ನ ಖಾತೆಯಿಂದ ಪಾವತಿಯಾಗಿದ್ದು, ಅದರ ಯುಟಿಆರ್ ವಿವರವನ್ನು ಲಗತ್ತಿಸಿದ್ದೇನೆ. ನಮೂದನ್ನು 000 ಎಂದು ತಿದ್ದಿ ನಾಲ್ಕೂ ಸಾಲ ಮಾಹಿತಿ ಸಂಸ್ಥೆಗಳಿಗೆ ಕಳಿಸಬೇಕಾಗಿ ಕೋರುತ್ತೇನೆ.’

ಒಂದು ಖಾತೆಗೆ ಒಂದು ದೂರು, ಒಂದು ದೂರಿಗೆ ಒಂದೇ ಬೇಡಿಕೆ ಇರಲಿ. ಎಲ್ಲವನ್ನೂ ಒಂದೇ ಪತ್ರದಲ್ಲಿ ತುರುಕಿದರೆ ಸುಲಭವಾದುದಕ್ಕೆ ಉತ್ತರ ಬಂದು, ಮುಖ್ಯವಾದದ್ದು ಹಾಗೇ ಉಳಿಯುತ್ತದೆ.

ದೂರು ಕೊಟ್ಟ ದಿನದಿಂದ 30 ದಿನಗಳ ಲೆಕ್ಕ ಆರಂಭವಾಗುತ್ತದೆ. ರಿಸರ್ವ್ ಬ್ಯಾಂಕು 2023ರ ಅಕ್ಟೋಬರ್ 26ರಂದು ಹೊರಡಿಸಿದ, ಆರು ತಿಂಗಳ ನಂತರ ಜಾರಿಗೆ ಬಂದ ಸುತ್ತೋಲೆಯ ಪ್ರಕಾರ, 30 ದಿನಗಳೊಳಗೆ ದೂರು ಇತ್ಯರ್ಥವಾಗದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ತಿದ್ದಿದ ಮಾಹಿತಿಯನ್ನು ಕಳಿಸಲು ಬ್ಯಾಂಕಿಗೆ 21 ದಿನಗಳ ಅವಕಾಶವಿದೆ. ಅದು ತಡಮಾಡಿದರೆ ಪರಿಹಾರದ ಹೊಣೆ ಬ್ಯಾಂಕಿನದು. ಬ್ಯಾಂಕು ಸಮಯಕ್ಕೆ ಕಳಿಸಿಯೂ ವರದಿ ತಿದ್ದದಿದ್ದರೆ ಹೊಣೆ ಸಾಲ ಮಾಹಿತಿ ಸಂಸ್ಥೆಯದು. ತಿದ್ದುಪಡಿಯ ಕೋರಿಕೆಯನ್ನು ತಿರಸ್ಕರಿಸಿದರೆ ಕಾರಣ ತಿಳಿಸಲೇಬೇಕು. ಪರಿಹಾರ ಜಮೆ ಮಾಡಲು ಬ್ಯಾಂಕ್ ಖಾತೆ ಅಥವಾ ಯುಪಿಐ ಐಡಿಯನ್ನು ಕೇಳುತ್ತಾರೆ. ಅದಕ್ಕಿಂತ ಹೆಚ್ಚಾಗಿ ಪಿನ್, ಒಟಿಪಿ, ಕಾರ್ಡಿನ ಸಿವಿವಿ ಕೇಳಿದರೆ ಅವರು ಬ್ಯಾಂಕಿನವರಲ್ಲ ಎಂದೇ ತಿಳಿಯಿರಿ.

ಬ್ಯಾಂಕು ಒಪ್ಪದಿದ್ದರೆ, ಉತ್ತರವೇ ಬಾರದಿದ್ದರೆ

30 ದಿನ ಕಳೆದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಲ್ಲದಿದ್ದರೆ, ಗ್ರಾಹಕರ ದೂರುಗಳನ್ನು ಇತ್ಯರ್ಥ ಮಾಡುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಸಿಎಂಎಸ್ ಎಂಬ ಅದರ ದೂರು ಪೋರ್ಟಲ್ ಮೂಲಕ ತಡಮಾಡದೆ ದೂರು ಕೊಡಿ. 2022ರ ಸೆಪ್ಟೆಂಬರ್ 1ರಿಂದ ಸಾಲ ಮಾಹಿತಿ ಸಂಸ್ಥೆಗಳೂ ಈ ವ್ಯವಸ್ಥೆಯ ವ್ಯಾಪ್ತಿಗೆ ಬಂದಿವೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 14448 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೂ ಮಾಹಿತಿ ಸಿಗುತ್ತದೆ. ಬ್ಯಾಂಕಿಗೆ ಮೊದಲು ಬರೆಯದೆ ನೇರವಾಗಿ ಇಲ್ಲಿಗೆ ಬಂದರೆ ದೂರು ಸ್ವೀಕೃತವಾಗುವುದಿಲ್ಲ. ಮೊಹರು ಹಾಕಿಸಿದ ಆ ಪ್ರತಿಯ ಬೆಲೆ ಈಗ ಗೊತ್ತಾಗುತ್ತದೆ.

ಉದ್ಯೋಗ ಕೈತಪ್ಪಿದ್ದು, ಮನೆ ಖರೀದಿಯ ಮುಂಗಡ ಹೋದದ್ದು ಮುಂತಾದ ನಿಜವಾದ ನಷ್ಟವಾಗಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳೊಳಗೆ ಹೋಗಬಹುದು. ಆದರೆ ಒಂದೇ ದೂರನ್ನು ಏಕಕಾಲಕ್ಕೆ ಎರಡೂ ಕಡೆ ನಡೆಸಲಾಗದು. ‘ಸೂಟ್ ಫೈಲ್ಡ್’ (ದಾವೆ ಹೂಡಲಾಗಿದೆ) ಎಂಬ ನಮೂದು ಇದ್ದರೆ, ನ್ಯಾಯಾಲಯದಿಂದ ಸಮನ್ಸ್ ಬಂದಿದ್ದರೆ, ಅಥವಾ ‘ವಿಲ್‌ಫುಲ್ ಡಿಫಾಲ್ಟ್’ (ಉದ್ದೇಶಪೂರ್ವಕ ಸುಸ್ತಿ) ಎಂದು ಬರೆದಿದ್ದರೆ ಈ ಕೈಪಿಡಿಯನ್ನು ಬದಿಗಿಟ್ಟು ವಕೀಲರನ್ನು ಕಾಣಿರಿ. ವೆಚ್ಚ ಭರಿಸಲಾಗದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನೆರವಿದೆ.

ಹಣ ಕಟ್ಟುವ ಮುನ್ನ

ಆರಂಭದಲ್ಲಿ ಹೇಳಿದ ಎಚ್ಚರಿಕೆಯ ಕಾರಣ ಇದು. 1963ರ ಕಾಲಮಿತಿ ಕಾಯ್ದೆಯ 18 ಮತ್ತು 19ನೇ ಕಲಮುಗಳ ಪ್ರಕಾರ, ಅವಧಿ ಮುಗಿಯುವುದರೊಳಗೆ ಸಾಲವನ್ನು ಬರಹದಲ್ಲಿ ಒಪ್ಪಿಕೊಂಡರೆ ಅಥವಾ ಭಾಗಶಃ ಕಟ್ಟಿ ಸಹಿ ಮಾಡಿದರೆ ದಾವೆಯ ಕಾಲಮಿತಿ ಹೊಸದಾಗಿ ಎಣಿಕೆಯಾಗುತ್ತದೆ. ವಸೂಲಿಗಾರರು ‘ಸದ್ಯಕ್ಕೆ ಐನೂರು ಹಾಕಿ, ಕ್ಲಿಯರ್ ಮಾಡಿಸುತ್ತೇವೆ’ ಎಂದು ಫೋನಿನಲ್ಲಿ ಹೇಳಿದಾಗ ಇದು ನೆನಪಿರಲಿ. ವಿವಾದವನ್ನು ಉಳಿಸಿಕೊಂಡೇ ಕಟ್ಟಬೇಕಾದ ತುರ್ತು ಇದ್ದರೆ, ‘ತಕರಾರಿಗೆ ಒಳಪಟ್ಟು ಪಾವತಿಸುತ್ತಿದ್ದೇನೆ’ ಎಂದು ಮೊದಲು ಇಮೇಲ್ ಬರೆದು, ಬ್ಯಾಂಕಿನ ಅಧಿಕೃತ ಸಾಲ ಖಾತೆಗೇ ಕಟ್ಟಿ. ವಸೂಲಿಗಾರರ ಸ್ವಂತ ಯುಪಿಐಗೆ ಹಾಕಬೇಡಿ, ಕೈಗೆ ನಗದು ಕೊಡಬೇಡಿ.

‘ಸಿಬಿಲ್ ರಿಪೇರಿ’ ಮಾಡಿಕೊಡುತ್ತೇವೆ ಎಂದು ಮುಂಗಡ ಕೇಳುವವರಿಂದ ದೂರವಿರಿ. ನಿಜವಾದ ಸುಸ್ತಿಯನ್ನು ಅಳಿಸುವ ಅಧಿಕಾರ ಯಾರಿಗೂ ಇಲ್ಲ. ಸುಳ್ಳು ಸುಸ್ತಿಯನ್ನು ತಿದ್ದಿಸಲು ಅವರು ಸಲ್ಲಿಸುವುದೂ ನೀವು ಉಚಿತವಾಗಿ ಸಲ್ಲಿಸಬಹುದಾದ ಇದೇ ಅರ್ಜಿಯನ್ನೇ.

ತಿದ್ದುಪಡಿಯಾದ ಮೇಲೆ

‘ಸರಿಪಡಿಸಲಾಗಿದೆ’ ಎಂಬ ಸಂದೇಶವನ್ನಷ್ಟೇ ನಂಬದೆ ವರದಿಯನ್ನು ಮತ್ತೆ ತೆಗೆದು ಆ ಚೌಕವನ್ನು ನೋಡಿ. 2025ರ ಜನವರಿ 1ರಿಂದ ಬ್ಯಾಂಕುಗಳು ಹದಿನೈದು ದಿನಗಳಿಗೊಮ್ಮೆಯಾದರೂ ಮಾಹಿತಿ ಕಳಿಸಬೇಕಿರುವುದರಿಂದ, ಎರಡು ಆವರ್ತ ಕಳೆದ ನಂತರ ಇನ್ನೊಮ್ಮೆ ನೋಡುವುದು ಕ್ಷೇಮ. ಹಳೆಯ ಅಂಕಿ ಮರಳಿ ಬಂದಿದ್ದರೆ ಬ್ಯಾಂಕಿನ ಮೂಲ ಲೆಕ್ಕದಲ್ಲಿ ತಿದ್ದುಪಡಿ ಆಗಿಲ್ಲ ಎಂದರ್ಥ. ಮೊದಲ ದೂರಿನ ಸಂಖ್ಯೆಯನ್ನು ಉಲ್ಲೇಖಿಸಿ ಹೊಸ ದೂರು ಕೊಡಿ. ಉಳಿದ ಮೂರು ಸಂಸ್ಥೆಗಳ ವರದಿಯಲ್ಲೂ ಅದೇ ಖಾತೆಯನ್ನು ಪರಿಶೀಲಿಸಿ. ಬ್ಯಾಂಕಿನಿಂದ ತಿದ್ದುಪಡಿಯ ಪತ್ರವೊಂದನ್ನು ಪಡೆದಿಟ್ಟುಕೊಂಡರೆ, ಅಂಕ ಚೇತರಿಸಿಕೊಳ್ಳುವ ಮೊದಲೇ ಹೊಸ ಸಾಲದ ಅರ್ಜಿ ಹಾಕಬೇಕಾಗಿ ಬಂದಾಗ ಅದನ್ನು ಅರ್ಜಿಯೊಂದಿಗೆ ಲಗತ್ತಿಸಬಹುದು.